ವಾರಗಿತ್ತಿಯ ಹಳೇ ಲ್ಯಾಪ್‌ಟಾಪ್

ಎಂ.ಎ.ಗೆ ಸೇರಿದಾಗ ಪಾಠ ತಲೆಗೆ ಹತ್ತುತ್ತದೋ ಇಲ್ಲವೋ ಎಂಬ ಹೆದರಿಕೆ ನನಗಿತ್ತು. ಪಾಠ ಹತ್ತಿತು. ಹತ್ತದೆ ಕಾಡಿದ್ದು ವೈಫೈ.

ಲೈಬ್ರರಿಯ ಉದ್ದನೆಯ ಮೇಜಿಗೆ ಕೂತು ಲ್ಯಾಪ್‌ಟಾಪ್ ತೆರೆದರೆ ಕ್ಯಾಂಪಸ್ಸಿನ ನೆಟ್‌ವರ್ಕಿನ ಹೆಸರು ಎದ್ದು ಕಾಣುತ್ತಿತ್ತು. ಅದನ್ನು ಒತ್ತಿ, ನನಗೆ ಕೊಟ್ಟಿದ್ದ ನಂಬರು, ಪಾಸ್‌ವರ್ಡು ಹಾಕಿದರೆ ಸಣ್ಣ ಚುಕ್ಕಿಗಳು ಒಂದರ ಹಿಂದೊಂದು ಓಡಿ ಓಡಿ, ಕೊನೆಗೆ ಕನೆಕ್ಟ್ ಆಗುವುದಿಲ್ಲ ಎಂಬ ಒಂದು ಸಾಲು ಬಂದು ನಿಲ್ಲುತ್ತಿತ್ತು. ಯಾಕೆ ಎಂದು ಅದು ಹೇಳುತ್ತಿರಲಿಲ್ಲ. ಹರಿಹರದ ನಮ್ಮ ಮನೆಯಲ್ಲಿ ಇದೇ ಲ್ಯಾಪ್‌ಟಾಪು ತೆರೆದ ಕೂಡಲೇ ನೆಟ್ಟಿಗೆ ಅಂಟಿಕೊಳ್ಳುತ್ತಿತ್ತು. ದಾವಣಗೆರೆ ದಾಟಿ ಕ್ಯಾಂಪಸ್ಸಿನ ಗೇಟಿನೊಳಗೆ ಬಂದರೆ ಮುಖ ತಿರುಗಿಸುತ್ತಿತ್ತು.

ಇದನ್ನು ಸರಿ ಮಾಡಬಲ್ಲ ಹೆಣ್ಣುಮಗಳೊಬ್ಬಳು ಅದೇ ಕ್ಯಾಂಪಸ್ಸಿನಲ್ಲಿ, ಲೈಬ್ರರಿಯ ಹಿಂದಿನ ಕಟ್ಟಡದ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ದಿನಾ ಸಂಜೆ ಅವಳೂ ನಾನೂ ಹೋಗಿ ಸೇರುತ್ತಿದ್ದದ್ದು ಒಂದೇ ಮನೆಯನ್ನು. ಅವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಆ ಲ್ಯಾಪ್‌ಟಾಪೂ ಮೊದಲು ಅವಳದೇ ಆಗಿತ್ತು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ.

ನನ್ನ ತವರು ಲೋಕಿಕೆರೆ. ಬಿ.ಎ. ಮುಗಿದ ವರ್ಷವೇ ನನ್ನನ್ನು ಹರಿಹರಕ್ಕೆ ಕೊಟ್ಟರು. ಗಂಡ, ಮೈದುನ ಇಬ್ಬರೂ ಗೊಬ್ಬರ, ಬೀಜದ ಅಂಗಡಿ ನೋಡಿಕೊಳ್ಳುತ್ತಿದ್ದರು. ಅತ್ತೆ ಕೊಕ್ಕನೂರಿನವರು. ಮೈಯೂ ಗಟ್ಟಿ, ಮಾತೂ ಗಟ್ಟಿ. ಮದುವೆಯಾದ ಹೊಸದರಲ್ಲಿ, ಪಕ್ಕದ ಬೀದಿಯ ಶಾಲೆಗೆ ಟೀಚರ್ ಬೇಕಂತೆ, ಹೋಗಲೇ ಎಂದು ನಾನು ಅವರನ್ನು ಕೇಳಿದ್ದೆ. "ನಮ್ಮ ಮನಿ ಹೆಣ್ಮಕ್ಕಳು ಹೊರಗೆ ದುಡಿಯಾಕೆ ಹೋಗಲ್ಲವ್ವ" ಅಂದರು. ನಾನು ಮತ್ತೆ ಕೇಳಲಿಲ್ಲ. ಒಲೆ ಹಿಡಿದೆ, ಮಗಳನ್ನು ಹೆತ್ತೆ, ಬೆಳೆಸಿದೆ.

ವಾರಗಿತ್ತಿ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ದಾವಣಗೆರೆ ಪಿ.ಜೆ. ಬಡಾವಣೆಯವಳು, ಎಂ.ಸಿ.ಎ. ಓದಿದವಳು. ಹೆಣ್ಣು ನೋಡಲು ಹೋದ ದಿನವೇ, ತಲೆ ತಗ್ಗಿಸದೆ, ಮದುವೆ ಆದ ಮೇಲೂ ಕೆಲಸ ಬಿಡುವುದಿಲ್ಲ ಅಂದಳು. ನಾನು ಅತ್ತೆಯ ಮುಖ ನೋಡಿದೆ. ನನಗೆ ಹೇಳಿದ ಮಾತನ್ನೇ ಇವಳಿಗೂ ಹೇಳುತ್ತಾರೆ ಎಂದು ಕಾದೆ. ಅತ್ತೆ, "ಈಗಿನ ಕಾಲದಾಗೆ ಬಿಡು ಅಂದ್ರೆ ಯಾರು ಬಿಡ್ತಾರೆ, ಹೋಗ್ಲಿ ಬಿಡ್ರಿ" ಅಂದರು. ಅವತ್ತು ಅವರ ಮನೆಯಲ್ಲಿ ಕೊಟ್ಟ ಉಪ್ಪಿಟ್ಟನ್ನು ನಾನು ತಟ್ಟೆಯಲ್ಲೇ ಬಿಟ್ಟೆ.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಅವಳು ಕೆಟ್ಟವಳಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಕೆಟ್ಟವಳಲ್ಲ. ನನ್ನನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು, ಎದುರು ಮಾತಾಡುತ್ತಿರಲಿಲ್ಲ, ನನ್ನ ಮಗಳ ಲೆಕ್ಕ ತಾನೇ ಕೂತು ಹೇಳಿಕೊಡುತ್ತಿದ್ದಳು. ಸಂಜೆ ಅವಳ ಸ್ಕೂಟರಿನ ಸದ್ದು ಗೇಟಿನಲ್ಲಿ ಕೇಳಿದರೆ ಅತ್ತೆ ಎದ್ದು ಒಲೆ ಹಚ್ಚುತ್ತಿದ್ದರು. "ಬಾರವ್ವ, ಮುಖ ತೊಳಕ, ಚಾ ಇಟ್ಟೀನಿ." ಹಗಲೆಲ್ಲ ಅದೇ ಒಲೆಯ ಮುಂದೆ ನಿಂತಿದ್ದ ನಾನು ಆ ಚಾ ಕುದಿಯುವುದನ್ನು ನೋಡುತ್ತಾ ಸೊಪ್ಪು ಸೋಸುತ್ತಿದ್ದೆ.

ಮಗಳು ಹೈಸ್ಕೂಲಿಗೆ ಹೋದ ವರ್ಷ ನಾನು ಗಂಡನಿಗೆ ಹೇಳಿ ಅರ್ಥಶಾಸ್ತ್ರ ಎಂ.ಎ.ಗೆ ಸೇರಿದೆ. ಅತ್ತೆ ಬೇಡ ಅನ್ನಲಿಲ್ಲ. ಸಣ್ಣ ಸೊಸೆ ಹೊರಗೆ ಹೋಗುತ್ತಿರುವಾಗ ದೊಡ್ಡವಳನ್ನು ತಡೆಯುವುದು ಹೇಗೆ? ಬೆಳಿಗ್ಗೆ ಎದ್ದು ರೊಟ್ಟಿ, ಪಲ್ಯ ಮುಗಿಸಿ, ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕ್ಯಾಂಪಸ್ಸಿಗೆ ಹೋಗುತ್ತಿದ್ದೆ. ಸ್ಕೂಟರಿನಲ್ಲಿ ಬರ್ರಿ ಎಂದು ವಾರಗಿತ್ತಿ ಕರೆದಳು. ನನ್ನ ಕ್ಲಾಸಿನ ಹೊತ್ತು ಬೇರೆ ಅಂದೆ. ಹೊತ್ತು ಅಷ್ಟೇನೂ ಬೇರೆ ಇರಲಿಲ್ಲ.

ಮೊದಲ ವಾರ ಒಂದು ಸಂಜೆ ಬಸ್ಸಿನಲ್ಲಿ ನಿಂತು ನಿಂತು ಕಾಲು ನೋವಾಗಿ ಮನೆಗೆ ಬಂದೆ. ವಾರಗಿತ್ತಿ ಆಗಲೇ ಬಂದು ಕುಡಿದ ಕಪ್ಪು ತೊಳೆಯುತ್ತಿದ್ದಳು. ಪಾತ್ರೆಯಲ್ಲಿ ಚಾ ಉಳಿದಿರಲಿಲ್ಲ. ನಗುತ್ತಲೇ, "ಅತ್ತಿ, ನಂಗೊಂದು ಗುಟುಕು ಇಡಬಾರದಾಗಿತ್ತಾ" ಅಂದೆ. ಅತ್ತೆಯೂ ನಗುತ್ತಲೇ ಹೇಳಿದರು, "ದುಡಿಯಾಕೆ ಹೋದಾಕಿ ದಣೀತಾಳೆ. ಓದಾಕೆ ಹೋದಾಕಿಗೆ ಏನು ದಣಿವು? ಕುಂತು ಬರೋದು." ನಾನು ಸೀರೆ ಸೆರಗು ಸಿಗಿಸಿಕೊಂಡು ಒಳಗೆ ಹೋದೆ.

ಲ್ಯಾಪ್‌ಟಾಪು ನನಗೆ ಬಂದದ್ದು ಆ ದಿನಗಳಲ್ಲೇ. ವಾರಗಿತ್ತಿ ಹೊಸದು ಕೊಂಡಳು. ಹಳೆಯದನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಎಲ್ಲರೂ ಕೂತಿದ್ದ ಹೊತ್ತಿನಲ್ಲಿ ಪಡಸಾಲೆಗೆ ತಂದಳು. "ಅಕ್ಕ ಎಂ.ಎ. ಮಾಡ್ತಾರಲ್ಲ, ಇದು ಅವ್ರಿಗೆ" ಅಂದಳು. ನನ್ನ ಗಂಡನಿಗೆ ಒಂದು ಖರ್ಚು ಉಳಿದ ಖುಷಿ. ಮೈದುನನಿಗೆ ಹೆಂಡತಿಯ ಮೇಲೆ ಹೆಮ್ಮೆ. "ದೊಡ್ಡ ಮನಸ್ಸು ಆಕಿದು" ಎಂದು ಅತ್ತೆ ಆ ಸಂಜೆ ಎಷ್ಟು ಸಲ ಹೇಳಿದರೋ. ನಾನೂ ನಕ್ಕು, ಎರಡು ಕೈಯಲ್ಲಿ ಇಸಕೊಂಡೆ. ರೂಮಿಗೆ ಹೋಗಿ ತೆರೆದು ನೋಡಿದೆ. ಅವಳ ಬೆರಳು ಬಿದ್ದು ಬಿದ್ದು ಕೆಲವು ಕೀಗಳ ಅಕ್ಷರ ಅಳಿಸಿಹೋಗಿದ್ದವು. ಬ್ಯಾಟರಿ ನಿಲ್ಲುವುದಿಲ್ಲ, ವೈರು ಚುಚ್ಚಿಕೊಂಡೇ ಇರಬೇಕು ಎಂದು ಅವಳೇ ಹೇಳಿದ್ದಳು. ತನ್ನ ಫೈಲುಗಳನ್ನೆಲ್ಲ ತೆಗೆದು, ನನ್ನ ಹೆಸರು ಹಾಕಿ, ಕನ್ನಡ ಟೈಪ್ ಮಾಡುವುದಕ್ಕೂ ಅನುಕೂಲ ಮಾಡಿಟ್ಟಿದ್ದಳು. ತಪ್ಪು ಹುಡುಕಲು ಏನೂ ಬಿಟ್ಟಿರಲಿಲ್ಲ. ಅದಕ್ಕೂ ಸಂಕಟವಾಯಿತು.

ಆಮೇಲೆ ತಪ್ಪು ತಾನಾಗಿಯೇ ಕಂಡಿತು. ಕ್ಯಾಂಪಸ್ಸಿನಲ್ಲಿ ವೈಫೈ ಹತ್ತಲಿಲ್ಲ.

ನನ್ನ ಪಕ್ಕ ಕೂಡುತ್ತಿದ್ದ ಸಹಪಾಠಿ ಚುರುಕಿನ ಹುಡುಗಿ. ನನ್ನನ್ನು ಆಂಟಿ ಅನ್ನುತ್ತಿದ್ದಳು. ಮೊದಲು ಆಫ್ ಮಾಡಿ ಆನ್ ಮಾಡಿಸಿದಳು. ಹಳೇ ಕನೆಕ್ಷನ್ ಅಳಿಸಿ ಹೊಸದಾಗಿ ಹಾಕಿಸಿದಳು. ಸಿಗ್ನಲ್ ಕಮ್ಮಿ ಇರಬಹುದು ಎಂದು ಗೋಡೆಯ ಮೇಲೆ ವೈಫೈ ಡಬ್ಬಿ ಇದ್ದ ಕಡೆಗೆ ನನ್ನನ್ನೂ ಲ್ಯಾಪ್‌ಟಾಪನ್ನೂ ಎಬ್ಬಿಸಿಕೊಂಡು ಹೋಗಿ, ಅಲ್ಲಿನ ಪ್ಲಗ್ಗಿಗೆ ಚುಚ್ಚಿ ನೋಡಿದಳು. ನಂಬರಿನಲ್ಲೇ ಏನೋ ತಪ್ಪಿದೆ ಎಂದು ನನ್ನ ನಂಬರು, ಪಾಸ್‌ವರ್ಡನ್ನು ತನ್ನ ಫೋನಿನಲ್ಲಿ ಹಾಕಿದಳು. ಅಲ್ಲಿ ಕೂಡಲೇ ಹತ್ತಿತು. ಅವಳ ಫೋನಿನಿಂದ ನೆಟ್ ಹಂಚಿಕೊಂಡರೆ ಲ್ಯಾಪ್‌ಟಾಪೂ ಹತ್ತಿತು.

"ನಂಬರೂ ಸರಿ ಐತೆ, ಲ್ಯಾಪ್‌ಟಾಪೂ ಸರಿ ಐತೆ. ಎರಡೂ ಕೂಡಿದ್ರೆ ಆಗವಲ್ದು" ಎಂದು ಅವಳು ಕೈ ಚೆಲ್ಲಿದಳು. "ಆಂಟಿ, ಹಿಂದಿನ ಬಿಲ್ಡಿಂಗಿನಾಗೆ ಒಬ್ರು ಮೇಡಂ ಅದಾರೆ. ಭಾಳ ಒಳ್ಳೇರು. ಒಂದು ನಿಮಿಷದಾಗೆ ಮಾಡಿಕೊಡ್ತಾರೆ. ಹೋಗ್ರಿ."

"ನೋಡೋಣ" ಅಂದೆ. ಆ ಮೇಡಂ ನಮ್ಮ ಮನೆಯವಳೇ ಎಂದು ಹೇಳಲಿಲ್ಲ.

ಹರಿಹರದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಒಂದು ದಿನ ಇಟ್ಟುಕೊಂಡು, ಹಳೆಯದಾಗಿದ್ದ ಏನೇನೋ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದ. ನನ್ನ ಕಣ್ಣೆದುರೇ ತನ್ನ ಅಂಗಡಿಯ ವೈಫೈಗೆ ಹಚ್ಚಿ ತೋರಿಸಿದ. "ನೋಡ್ರಿ ಅಕ್ಕಾರೆ, ಹೆಂಗೆ ಓಡ್ತೈತಿ. ಲ್ಯಾಪ್‌ಟಾಪ್ ಖರೇನೇ ಚೆನ್ನಾಗೈತೆ. ನಿಮ್ಮ ಕಾಲೇಜಿನೋರನ್ನ ಕೇಳ್ರಿ." ಮರುದಿನ ಕ್ಯಾಂಪಸ್ಸಿನಲ್ಲಿ ಮತ್ತೆ ಅದೇ ಚುಕ್ಕಿ, ಅದೇ ಸಾಲು.

ಗಂಡನಿಗೆ ಹೇಳಿದರೆ ಅವರು ಅಂಗಡಿಯ ಬಿಲ್ಲಿನಿಂದ ತಲೆಯೆತ್ತದೆ, "ಆಕಿನ್ನ ಕೇಳು. ಅದೇ ಅಲ್ವಾ ಆಕಿ ಕೆಲಸ?" ಅಂದರು. ಎಲ್ಲ ದಾರಿಗಳೂ ಅವಳ ಮೇಜಿಗೇ ಹೋಗಿ ಮುಟ್ಟುತ್ತಿದ್ದವು.

ಅವಳಿಲ್ಲದ ಹೊತ್ತು ನೋಡಿ ಹೋದರಾಯಿತು, ಬೇರೆ ಯಾರಾದರೂ ಸರಿ ಮಾಡಿಯಾರು ಎಂದುಕೊಂಡು ಊಟದ ಹೊತ್ತಿಗೆ ಕಂಪ್ಯೂಟರ್ ವಿಭಾಗಕ್ಕೆ ಹೋದೆ. ಕೌಂಟರಿನಲ್ಲಿದ್ದವರು, "ಮೇಡಂ ಊಟಕ್ಕೆ ಹೋಗ್ಯಾರೆ. ಇದನ್ನ ಅವ್ರೇ ನೋಡ್ಬೇಕು. ಕೂಡ್ರಿ, ಬರ್ತಾರೆ" ಅಂದರು. ಕೂಡದೆ ಹೊರಬಿದ್ದೆ.

ಕಟ್ಟಡದ ಪಕ್ಕದ ಹೊಂಗೆ ಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಅವಳು ಕೂತಿದ್ದಳು. ಅವಳ ಜೊತೆ ಕೆಲಸ ಮಾಡುವ ಇಬ್ಬರು ಮೂವರು ಹೆಂಗಸರಿದ್ದರು. ನಡುವೆ ಡಬ್ಬಿಗಳು. ಬೆಳಿಗ್ಗೆ ನಾನು ಬಡಿದ ರೊಟ್ಟಿಯನ್ನು ಅವರೆಲ್ಲ ಮುರಿದುಕೊಂಡು, ನಾನು ಕುಟ್ಟಿದ ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡು ತಿನ್ನುತ್ತಿದ್ದರು. ಒಬ್ಬಾಕೆ ಬೆರಳು ನೆಕ್ಕುತ್ತಾ, "ನಿಮ್ಮ ಮನೀ ಚಟ್ನಿ ಯಾರ ಮನ್ಯಾಗೂ ಬರಲ್ಲ ಬಿಡ್ರಿ" ಅಂದಳು. ವಾರಗಿತ್ತಿ ನಕ್ಕಳು. ಯಾರು ಮಾಡಿದ್ದು ಎಂದು ಹೇಳುತ್ತಾಳೇನೋ ಎಂದು ನಾನು ಕಂಬದ ಮರೆಯಲ್ಲಿ ಒಂದು ಗಳಿಗೆ ನಿಂತೆ. ಅವಳು ಡಬ್ಬಿಯನ್ನು ಆಕೆಯ ಕಡೆಗೆ ಸರಿಸಿದಳು, ಅಷ್ಟೇ. ಆ ಮಧ್ಯಾಹ್ನ ಕ್ಲಾಸಿನಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ.

ನಮಗೆ ಪಾಠ ಮಾಡುವ ಮೇಡಂ ಸೆಮಿನಾರಿಗೆ ನನಗೆ ಕೊಟ್ಟಿದ್ದ ವಿಷಯ ಭತ್ತದ ಮಾರುಕಟ್ಟೆ. ಭದ್ರಾ ನಾಲೆಯ ನೀರು ಕುಡಿದು ಬೆಳೆದ ನನಗೆ ಅದು ಹೇಳಿ ಮಾಡಿಸಿದ ವಿಷಯವೇ. ಆದರೆ ಓದಬೇಕಾದ ಲೇಖನಗಳು ಕ್ಯಾಂಪಸ್ಸಿನ ನೆಟ್ಟಿನಲ್ಲಿ ಮಾತ್ರ ತೆರೆಯುತ್ತಿದ್ದವು. ಪಕ್ಕದ ಹುಡುಗಿ ಒಂದೆರಡನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಳು. ದಿನಾ ಅವಳನ್ನು ಬೇಡುವುದು ಹೇಗೆ? ಅದೂ ಅಲ್ಲದೆ ನಮ್ಮ ವಿಭಾಗದ ಹೊಸ ಪರದೆಗೆ ವೈರಿಲ್ಲ. ಮಾತಾಡುವವರು ತಮ್ಮ ಲ್ಯಾಪ್‌ಟಾಪನ್ನು ವೈಫೈಗೆ ಹಚ್ಚಿ ಅಲ್ಲಿಂದಲೇ ತೋರಿಸಬೇಕು. ಸೆಮಿನಾರ್ ಮುಂದಿನ ವಾರ ಎಂದು ಮೇಡಂ ಹೇಳಿದ ದಿನ, ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಹಿಂದಿನ ಕಟ್ಟಡದ ಮೆಟ್ಟಿಲು ಹತ್ತಿದೆ.

ಅವಳು ಕೂತಲ್ಲಿಂದ ಎದ್ದಳು. "ಬರ್ರಿ ಅಕ್ಕ, ಕೂಡ್ರಿ. ಇದೇನು ಅಪರೂಪಕ್ಕೆ?"

"ಇದು ಇಲ್ಲಿ ಹತ್ತವಲ್ದು" ಅಂದೆ. ತಂದ ದಿನದಿಂದಲೂ ಹತ್ತಿಲ್ಲ ಎಂದು ಹೇಳಲಿಲ್ಲ.

ಅವಳು ವೈರು ಚುಚ್ಚಿ ತೆರೆದಳು. ವೈಫೈ ಗುರುತಿನ ಕಡೆಗೆ ನೋಡಲೇ ಇಲ್ಲ. ಕೆಳಗಿನ ಮೂಲೆಯಲ್ಲಿದ್ದ ಗಡಿಯಾರದ ಕಡೆಗೆ ಕಣ್ಣು ಹಾಯಿಸಿ ನಕ್ಕಳು. "ಅಯ್ಯ, ಮತ್ತೆ ಹಿಂದಕ್ಕೆ ಹೋಗೈತೆ ನೋಡ್ರಿ ಇದರ ತಾರೀಕು." ನಾನೂ ಬಗ್ಗಿ ನೋಡಿದೆ. ಯಾವುದೋ ಹಳೇ ವರ್ಷದ ಜನವರಿ ಒಂದು. ಅಷ್ಟು ದಿನ ಆ ಪರದೆಯ ಮುಂದೆ ಕೂತಿದ್ದೆ, ಆ ಹುಡುಗಿ ಕೂತಿದ್ದಳು, ಯಾರೊಬ್ಬರೂ ಆ ಮೂಲೆಯನ್ನು ನೋಡಿರಲಿಲ್ಲ. ಅವಳ ಬೆರಳು ಒಂದೆರಡು ಕಡೆ ಮುಟ್ಟಿತು. ಇವತ್ತಿನ ತಾರೀಕು ಬಂತು. ಕನೆಕ್ಟ್ ಒತ್ತಿದಳು. ಚುಕ್ಕಿಗಳು ಓಡಿ, ಹತ್ತಿತು.

"ಒಳಗೆ ಒಂದು ಸಣ್ಣ ಶೆಲ್ ಇರುತ್ತಕ್ಕ, ವಾಚಿಗೆ ಹಾಕೋ ಅಂಥದ್ದು. ಅದು ಸತ್ತೈತೆ. ದೊಡ್ಡ ಬ್ಯಾಟರೀನೂ ಇಲ್ಲ. ವೈರು ತೆಗೆದು ಬ್ಯಾಗಿಗೆ ಹಾಕಿದ್ರೆ ಗಡಿಯಾರ ನಿಂತು ಹೋಗುತ್ತೆ."

"ಮನೀಗೂ ಹಂಗೇ ತಾನೆ ತರೋದು? ಅಲ್ಲಿ ಹೆಂಗೆ ಹತ್ತುತ್ತೆ?"

"ಮನೀ ವೈಫೈಗೆ ಪಾಸ್‌ವರ್ಡ್ ಸರಿ ಇದ್ರೆ ಸಾಕು. ಹತ್ತಿದ ಮ್ಯಾಲೆ ನಿಧಾನಕ್ಕೆ ತಾರೀಕು ತಾನೇ ಸರಿ ಮಾಡ್ಕಂತೈತೆ. ಇಲ್ಲಿಂದು ಹಂಗಲ್ಲ. ಮೊದ್ಲು ತನ್ನ ಗುರುತಿನ ಚೀಟಿ ತೋರ್ಸುತ್ತೆ, ಅದಕ್ಕೆ ಇಂಥ ದಿನದಿಂದ ಇಂಥ ದಿನ ಅಂತ ಇರುತ್ತೆ. ಲ್ಯಾಪ್‌ಟಾಪಿನ ತಾರೀಕು ಹಿಂದೆ ಇದ್ರೆ, ಈ ಚೀಟಿ ಸುಳ್ಳು ಅಂದ್ಕಂಡು ಇದೇ ದೂರ ಸರಿಯುತ್ತೆ. ನಂಗೂ ಹಿಂಗೇ ಆಗ್ತಿತ್ತು."

ಅದುವರೆಗೂ ನಾನು ಕೇಳಿಸಿಕೊಳ್ಳುತ್ತಲೇ ಇದ್ದೆ. ಆ ಕೊನೆಯ ಮಾತು ಮಾತ್ರ ಕಿವಿಯಲ್ಲಿ ನಿಂತಿತು.

"ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಿತ್ತಕ್ಕ."

ಗೊತ್ತಿತ್ತು. ಎಲ್ಲರ ಮುಂದೆ ಕೊಟ್ಟು ಹೆಸರು ತಗೊಂಡಳು, ಕಾಯಿಲೆ ಇದೆ ಅಂತ ಹೇಳಲಿಲ್ಲ. ನಾನು ಲೈಬ್ರರಿಯಲ್ಲಿ ಹುಡುಗರ ಮುಂದೆ ಪೆದ್ದಿಯಾಗಿ ಕೂತಿರಲಿ, ಕೊನೆಗೆ ತನ್ನ ಮೇಜಿಗೇ ಬರಲಿ ಎಂದು ಕಾದಿದ್ದಳು. ಆ ಗಳಿಗೆ ನನಗೆ ಇದು ಹಗಲಿನಷ್ಟು ನಿಚ್ಚಳವಾಗಿತ್ತು. "ಇವತ್ತು ಇಲ್ಲೇ ಕೂತು ಓದ್ರಿ ಅಕ್ಕ, ವೈರು ತೆಗೆದ್ರೆ ಮತ್ತೆ ಹೋಗ್ತೈತೆ" ಎಂದು ಅವಳು ಅನ್ನುತ್ತಿರುವಾಗಲೇ ವೈರು ಕಿತ್ತು ಮಡಚಿಕೊಂಡು ಹೊರಟೆ. ಉಳಿದವರು ನೋಡುತ್ತಿದ್ದರು.

ಲೈಬ್ರರಿಗೆ ಬಂದು, ಅವಳು ಮುಟ್ಟಿದ ಕಡೆ ನೆನಪು ಮಾಡಿಕೊಂಡು ನಾನೇ ತಾರೀಕು ಸರಿಪಡಿಸಿದೆ. ವೈಫೈ ಹತ್ತಿತು. ಪಕ್ಕದ ಹುಡುಗಿ ಚಪ್ಪಾಳೆ ತಟ್ಟಿದಳು. ಬೇಕಾಗಿದ್ದ ಲೇಖನಗಳೆಲ್ಲ ಒಂದೊಂದಾಗಿ ತೆರೆದವು. ಅವುಗಳ ಒಂದು ಸಾಲೂ ನನ್ನ ತಲೆಗೆ ಹೋಗಲಿಲ್ಲ.

ಸಂಜೆ ಅತ್ತೆ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ವಾರಗಿತ್ತಿಯೂ ಎದುರು ಕೂತು ಸುಲಿಯುತ್ತಿದ್ದಳು. ನಾನು ಬ್ಯಾಗು ಇಳಿಸುವ ಮೊದಲೇ ಅಂದೆ, "ಅತ್ತಿ, ನಿಮ್ಮ ಸಣ್ಣ ಸೊಸಿ ಕೆಟ್ಟಿದ್ದನ್ನ ಕೊಟ್ಟು ದೊಡ್ಡ ಮನಸ್ಸಿನಾಕಿ ಆಗ್ಯಾಳೆ. ಕೆಟ್ಟೈತೆ ಅಂತ ಗೊತ್ತಿದ್ದೂ ಹೇಳ್ಲಿಲ್ಲ."

ಏನು, ಎತ್ತ ಎಂದು ಅತ್ತೆ ಕೇಳಲಿಲ್ಲ. "ದಾನ ಕೊಟ್ಟ ಎಮ್ಮೆ ಹಲ್ಲು ಎಣಿಸಿದ್ರಂತೆ" ಎಂದು ಸಿಪ್ಪೆಯನ್ನು ಮೊರಕ್ಕೆ ಹಾಕಿದರು.

ನನಗೆ ಅಳು ಬಂತು, ತಡೆದುಕೊಂಡೆ. ವಾರಗಿತ್ತಿಯ ಕೈ ನಿಂತಿತ್ತು. ಅವಳ ದನಿ ಏರಲಿಲ್ಲ.

"ಅಕ್ಕ, ನಾ ದಿನಾ ಅದನ್ನ ತೆಗೆದ ಕೂಡ್ಲೆ ಮೊದ್ಲು ತಾರೀಕು ಸರಿ ಮಾಡ್ಕಂತಿದ್ದೆ. ವರ್ಷಾನುಗಟ್ಟಲೆ ಮಾಡಿ ಮಾಡಿ ಅದೊಂದು ತೊಂದರೆ ಅಂತಾನೇ ಮರೆತು ಹೋಗಿತ್ತು. ನಮ್ಮ ಹಿತ್ತಲ ಬಾಗಿಲನ್ನ ಎತ್ತಿ ದೂಡಬೇಕು ಅಂತ ನಾ ಮದುವಿ ಆಗಿ ಬಂದಾಗ ನಂಗೆ ಯಾರಾದ್ರೂ ಹೇಳಿದ್ರಾ? ತಲಿಗೆ ಎರಕಂಡು ಒದ್ದೆ ಕೂದಲಾಗೆ ಹೊರಗೆ ನಿಂತು ದೂಡಿದ್ದೇ ದೂಡಿದ್ದು. ಒಳಗಿಂದ ಬೋಲ್ಟ್ ಹಾಕ್ಯಾರೆ, ಬೇಕಂತಲೇ ಹಾಕ್ಯಾರೆ ಅಂತ ನಾ ಅವತ್ತು ಕಣ್ಣೀರು ಹಾಕಿದ್ದೆ."

ಅತ್ತೆ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆ ಬಾಗಿಲು ನಾನು ಬಂದಾಗಿನಿಂದಲೂ ಹಾಗೇ ಇದೆ. ಎಡಗೈಯಲ್ಲಿ ತುಸು ಎತ್ತಿ, ಮೊಣಕಾಲಿನಲ್ಲಿ ದೂಡುತ್ತೇವೆ. ಯೋಚನೆ ಮಾಡಿ ಮಾಡುವ ಕೆಲಸ ಅಲ್ಲ ಅದು. ಅವಳು ಹೇಳಿದ್ದು ನಿಜ ಇರಬಹುದು ಎಂದು ನನ್ನ ಬುದ್ಧಿ ಹೇಳಿತು. ಹೊಟ್ಟೆ ಒಪ್ಪಲಿಲ್ಲ. ನಾನು ಒಳಗೆ ಹೋಗಿ ಸಾರಿಗೆ ಬೇಳೆ ಇಟ್ಟೆ.

ಕೆಲವು ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಭಾನುವಾರ ಬೆಳಿಗ್ಗೆ ಅವಳು ನಾಣ್ಯದಗಲದ ಶೆಲ್ಲು, ಸಣ್ಣ ಸ್ಕ್ರೂಡ್ರೈವರು ಹಿಡಿದುಕೊಂಡು ಪಡಸಾಲೆಗೆ ಬಂದಳು. "ಲ್ಯಾಪ್‌ಟಾಪ್ ಕೊಡ್ರಿ, ಹಾಕಿಬಿಡ್ತೀನಿ."

"ನಾ ಹಾಕ್ತೀನಿ. ನೀ ಹೇಳು" ಅಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಸ್ಕ್ರೂಡ್ರೈವರು ನನ್ನ ಕೈಗೆ ಕೊಟ್ಟಳು. ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಒಂದೊಂದೇ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿದೆ. ಮುಚ್ಚಳ ಎತ್ತಲು ಬರಲಿಲ್ಲ. ಉಗುರಿನ ತುದಿ ಹಾಕಿ ಅಂಚು ಬಿಡಿಸುವುದನ್ನು ಅವಳು ಗಾಳಿಯಲ್ಲೇ ತೋರಿಸಿದಳು, ಮುಟ್ಟಲಿಲ್ಲ. ಹಳೇ ಶೆಲ್ಲು ಚಿಮ್ಮಿ ತುಳಸಿಕಟ್ಟೆಯ ಕಡೆಗೆ ಉರುಳಿತು. ಅವಳು ಹೋಗಿ ತಂದಳು. ಒಳಗಿನ ಹಸಿರು ಹಲಗೆ, ಸಣ್ಣ ಸಣ್ಣ ಚುಕ್ಕಿಯ ಸಾಲು, ಅಕ್ಕಿ ಕಾಳಿನಂಥ ತುಂಡುಗಳು. ಯಾವುದು ಏನು ಮಾಡುತ್ತದೆ ಎಂದು ಅವಳು ಬೆರಳು ತಾಗಿಸದೆ ಹೇಳುತ್ತಾ ಹೋದಳು. ಹೇಳುವಾಗ ಅವಳ ಮುಖವೇ ಬೇರೆ ಇತ್ತು. ಮನೆಯಲ್ಲಿ ನಾನು ಆ ಮುಖ ನೋಡಿರಲಿಲ್ಲ. ಇಷ್ಟು ಗೊತ್ತಿದ್ದರೆ ನನ್ನ ಮುಖವೂ ಹೀಗಿರುತ್ತಿತ್ತೇನೋ ಅನ್ನಿಸಿತು. ಚಾ, ಸ್ಕೂಟರು, ಸಂಬಳಕ್ಕಿಂತ ಆ ಮುಖ ನನ್ನನ್ನು ಹೆಚ್ಚು ಸುಟ್ಟಿತು.

ಹೊಸ ಶೆಲ್ಲು ಕೂರಿಸುವಾಗ ಅವಳು ತಲೆಯೆತ್ತದೆ ಅಂದಳು, "ಚಟ್ನಿ, ರೊಟ್ಟಿ ನೀವು ಮಾಡಿದ್ದು ಅಂತ ನಮ್ಮ ಆಫೀಸಿನೋರಿಗೆ ಗೊತ್ತಿಲ್ಲಕ್ಕ. ನಾ ಹೇಳಿಲ್ಲ."

ನಾನು ಕಂಬದ ಮರೆಯಲ್ಲಿ ನಿಂತಿದ್ದನ್ನು ಅವಳು ನೋಡಿದ್ದಳೋ ಏನೋ. ಕೇಳಲಿಲ್ಲ. "ಯಾಕೆ ಹೇಳಿಲ್ಲ?" ಅಂದೆ.

"ಅಡಿಗಿ ಬರಲ್ಲ ಅನ್ನಿಸ್ಕಳಾಕೆ ಮನಸ್ಸಾಗಲ್ಲ. ಒಲಿ ಮುಂದೆ ನಾ ಬಂದ್ರೆ ಅತ್ತಿ ಎದ್ದು ನಿಲ್ತಾರೆ, ಏನು ಕೆಡಿಸ್ತಾಳೋ ಅಂತ. ನೀವು ಬಂದ್ರೆ ಕೂಡ್ತಾರೆ. ನೋಡಿರೇನು ನೀವು ಅದನ್ನ?"

ನೋಡಿರಲಿಲ್ಲ. ಆಮೇಲೆ ನೋಡಿದೆ. ಅವಳು ಹೇಳಿದ ಹಾಗೇ ಇತ್ತು. ನೋಡಿ ಒಳಗೊಳಗೇ ಸಮಾಧಾನವೂ ಆಯಿತು.

ಸ್ಕ್ರೂ ಎಲ್ಲ ಬಿಗಿದು, ವೈರು ಹಚ್ಚಿ ತಾರೀಕು ಸರಿ ಮಾಡಿ, ವೈರು ತೆಗೆದು ಮಧ್ಯಾಹ್ನದವರೆಗೂ ಇಟ್ಟೆವು. ಊಟವಾದ ಮೇಲೆ ತೆರೆದರೆ ತಾರೀಕು, ಹೊತ್ತು ಎರಡೂ ಸರಿ ಇದ್ದವು.

ಸೆಮಿನಾರ್ ಚೆನ್ನಾಗಿ ಆಯಿತು. ಪರದೆಗೆ ಲ್ಯಾಪ್‌ಟಾಪು ಒಂದೇ ಸಲಕ್ಕೆ ಹತ್ತಿತು. ಭತ್ತದ ತೇವ, ತೂಕ, ದಲ್ಲಾಳಿಯ ಮಾತು, ಇವನ್ನೆಲ್ಲ ನಾನು ಪುಸ್ತಕ ನೋಡದೆ ಹೇಳಬಲ್ಲವಳಾಗಿದ್ದೆ. ಲೇಖನಗಳಲ್ಲಿ ಓದಿದ್ದನ್ನು ಅದಕ್ಕೆ ಹೊಂದಿಸಿದೆ. ಮೇಡಂ ಕೊನೆಯಲ್ಲಿ, "ನೀವು ಇಷ್ಟು ವರ್ಷ ಎಲ್ಲಿದ್ರಿ?" ಎಂದು ಕೇಳಿದರು. ಮನೆಯಲ್ಲಿದ್ದೆ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅದಾದ ಕೆಲವು ತಿಂಗಳ ಮೇಲೆ ಒಂದು ದಿನ ಇಡೀ ಕ್ಯಾಂಪಸ್ಸಿನ ನೆಟ್ಟು ಬಿದ್ದುಹೋಯಿತು. ಪರೀಕ್ಷೆಯ ಫೀಸು ಕಟ್ಟುವ ಸಮಯ ಅದು. ಹಿಂದಿನ ಕಟ್ಟಡದ ಮುಂದೆ ಜನವೋ ಜನ. ನಾನೂ ಹೋಗಿದ್ದೆ. ಗಾಜಿನ ಆಚೆ ವಾರಗಿತ್ತಿ ಒಂದು ಕಿವಿಗೆ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಏನೋ ಟೈಪ್ ಮಾಡುತ್ತಿದ್ದಳು. ಹಿರಿಯ ಪ್ರೊಫೆಸರೊಬ್ಬರು ಎದುರು ನಿಂತು ಜೋರು ಮಾಡುತ್ತಿದ್ದರು. ಅವಳು ತಲೆ ಅಲ್ಲಾಡಿಸಿ ಕೇಳಿಸಿಕೊಂಡು, ಎದ್ದು ಒಳಗಿನ ಕೋಣೆಗೆ ಹೋದಳು. ನಾವು ಕಾದೆವು. ಬಹಳ ಹೊತ್ತಿನ ಮೇಲೆ ವರಾಂಡದಲ್ಲಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಟಿಣ್ ಟಿಣ್ ಅಂದವು. ಹುಡುಗರು ಹೋ ಎಂದು ಕೂಗಿ ಚದುರಿಹೋದರು. ಯಾರೂ ಒಳಗೆ ಹೋಗಿ ಅವಳಿಗೆ ಏನೂ ಹೇಳಲಿಲ್ಲ. ಅವಳು ಹೊರಗೆ ಬಂದು, ಹಣೆ ಒರೆಸಿಕೊಂಡು, ಬಾಟಲಿ ಎತ್ತಿ ನೀರು ಕುಡಿದಳು. ಅಷ್ಟು ಜನ ಅಷ್ಟು ಹೊತ್ತು ಒಬ್ಬಳಿಗಾಗಿ ಕಾದಿದ್ದರು. ನನಗಾಗಿ ಹಾಗೆ ಕಾದಿದ್ದು ಊಟದ ಹೊತ್ತಿಗೆ ಮನೆಯವರು ಮಾತ್ರ.

ಅವತ್ತು ಅವಳ ಸ್ಕೂಟರು ರಿಪೇರಿಗೆ ಹೋಗಿತ್ತು. ಸಂಜೆ ದಾವಣಗೆರೆಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹರಿಹರಕ್ಕೆ ಹೊರಟೆವು. ಕಂಡಕ್ಟರಿಗೆ ಆಧಾರ್ ತೋರಿಸಿ ಟಿಕೆಟ್ ಇಸಕೊಂಡೆವು. ಅವಳು ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದ್ದಳು. ಊರು ಕಳೆದು ಹೈವೇ ಹಿಡಿದ ಮೇಲೆ ನಾನು ಅಂದೆ, "ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು."

ಅವಳು ಕಣ್ಣು ತೆರೆಯಲಿಲ್ಲ. "ಗೊತ್ತಕ್ಕ" ಅಂದಳು.

"ಯಾವಾಗಿಂದ ಗೊತ್ತು?"

"ಹೆಣ್ಣು ನೋಡಾಕೆ ಬಂದಾಗ ನೀವು ಉಪ್ಪಿಟ್ಟು ತಿನ್ನಲಿಲ್ಲ. ಅವತ್ತೇ."

ನಾನು ಟಿಕೆಟ್ಟನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. ಆಮೇಲೆ, "ಎಂ.ಎ. ಮುಗಿದ ಮ್ಯಾಲೆ ನಾನೂ ಕೆಲಸಕ್ಕೆ ಅರ್ಜಿ ಹಾಕ್ತೀನಿ" ಅಂದೆ.

"ಹಾಕ್ರಿ. ನಿಮಗೆ ಸಿಗ್ತೈತೆ." ಅವಳು ಕಣ್ಣು ತೆರೆದು ನನ್ನ ಕಡೆ ತಿರುಗಿದಳು. "ನಮ್ಮ ಕ್ಯಾಂಪಸ್ಸಿಗೆ ಮಾತ್ರ ಬ್ಯಾಡ."

"ಯಾಕ?"

"ಅದೊಂದು ಜಾಗನಾದ್ರೂ ನನ್ನೊಬ್ಬಾಕಿಗೆ ಇರ್ಲಿ."

ತಮಾಷೆಯ ಮಾತಲ್ಲ ಅದು. ಅವಳ ಮುಖದಲ್ಲಿ ನಗು ಇರಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಆ ಮಾತು ಎಲ್ಲಿಂದ ಬಂತು ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮಡಿಲಲ್ಲಿದ್ದ ಅವಳ ಬ್ಯಾಗು ಜಾರುತ್ತಿತ್ತು, ಹಿಡಿದುಕೊಂಡೆ. ಅರ್ಜಿ ಎಲ್ಲಿಗೆ ಹಾಕುತ್ತೇನೆ, ಎಲ್ಲಿಗೆ ಹಾಕುವುದಿಲ್ಲ ಎಂಬ ಮಾತು ಮಾತ್ರ ಕೊಡಲಿಲ್ಲ.